ಎಸ್ಸೆಸ್ಸೆಲ್ಸಿ ಆಯ್ತು, ಪಿಯುಸಿಗೆ ಯಾವ ಸಬ್ಜೆಕ್ಟ್? ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನದಿಂದ ಕಾಲೇಜು ಶುರುವಾಗುವವರೆಗೆ ಮಂಡ್ಯ, ಮೈಸೂರು ಕಡೆಯ ಮನೆಗಳಲ್ಲಿ ಇದೇ ಮಾತು. ಪಿಯು ಉಪನ್ಯಾಸಕನಾದ ನನ್ನನ್ನು ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ ಜನ ಕೇಳುತ್ತಲೇ ಇರುತ್ತಾರೆ. ಕೆಲವರು ಕಾಗದ ಬರೆದೂ ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟು ಉತ್ತರ ಬರೆದಿದ್ದೇನೆ. ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ಆ ವರ್ಷದ ಮಾಹಿತಿ ಪುಸ್ತಕ ನೋಡಿಕೊಳ್ಳಿ.

## ಮೊದಲ ಗೊಂದಲಗಳು

ಪಿಯುನಲ್ಲಿ ಒಟ್ಟು ಎಷ್ಟು ಸಬ್ಜೆಕ್ಟ್ ಇರುತ್ತೆ? ನಾವು ಆರಿಸ್ಕೋಬೇಕಾದ್ದು ಏನು?

ಆರು ವಿಷಯ, ಒಂದೊಂದಕ್ಕೆ 100 ಅಂಕ, ಒಟ್ಟು 600. ಅದರಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಈ ನಾಲ್ಕರ ಗುಂಪನ್ನೇ ಎಲ್ಲರೂ ಕಾಂಬಿನೇಷನ್ ಅನ್ನುವುದು. ವಿಜ್ಞಾನದಲ್ಲಿ ಪಿಸಿಎಂಬಿ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ; ಪಿಸಿಎಂಸಿಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್. ವಾಣಿಜ್ಯದಲ್ಲಿ ಸಿಇಬಿಎ, ಅಂದರೆ ಕಂಪ್ಯೂಟರ್ ಸೈನ್ಸ್, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ; ಎಸ್‌ಇಬಿಎಯಲ್ಲಿ ಕಂಪ್ಯೂಟರ್ ಬದಲು ಸ್ಟಾಟಿಸ್ಟಿಕ್ಸ್. ಕಲಾ ವಿಭಾಗದಲ್ಲಿ ಎಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ನಾಲ್ಕು ವಿಷಯವನ್ನು ನಮಗೆ ಬೇಕಾದ ಹಾಗೆ ಬಿಡಿಬಿಡಿಯಾಗಿ ಆರಿಸಲು ಆಗುವುದಿಲ್ಲ. ಆ ಕಾಲೇಜಿನಲ್ಲಿ ಯಾವ ಗುಂಪು ಇದೆಯೋ ಅದನ್ನೇ ತೆಗೆದುಕೊಳ್ಳಬೇಕು. ಹಾಗಾಗಿ ಕಾಲೇಜಿನ ಹೆಸರಿಗಿಂತ ಮೊದಲು ಅಲ್ಲಿರುವ ಕಾಂಬಿನೇಷನ್ ಪಟ್ಟಿ ಕೇಳಿ.

ನಮ್ ಹುಡ್ಗಂಗೆ ತೊಂಬತ್ತರ ಮೇಲೆ ಬಂದದೆ. ಸೈನ್ಸೇ ತಾನೇ ಕೊಡಿಸ್ಬೇಕು?

ಒಟ್ಟು ಪರ್ಸೆಂಟ್ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಇಬ್ಬರು ಮಕ್ಕಳ ಅಂಕಪಟ್ಟಿ ಅಕ್ಕಪಕ್ಕ ಇಟ್ಟು ನೋಡೋಣ. ಒಬ್ಬನಿಗೆ ಕನ್ನಡದಲ್ಲಿ 125ಕ್ಕೆ 102, ಗಣಿತ 97, ವಿಜ್ಞಾನ 95. ಇನ್ನೊಬ್ಬಳಿಗೆ ಕನ್ನಡ 123, ಗಣಿತ 84, ವಿಜ್ಞಾನ 87. ಮೂರೂ ಸೇರಿದರೆ ಇಬ್ಬರಿಗೂ 294. ಉಳಿದ ವಿಷಯಗಳಲ್ಲಿ ಅಂಕ ಒಂದೇ ಆಗಿದ್ದರೆ ಪರ್ಸೆಂಟೂ ಒಂದೇ. ಆದರೆ ಈ ಇಬ್ಬರಿಗೆ ಒಂದೇ ಸಲಹೆ ಕೊಡಲು ಆಗುತ್ತಾ?

84 ಕಡಿಮೆ ಅಂಕ ಅಂತ ನಾನು ಹೇಳುತ್ತಿಲ್ಲ. ಆ 84 ಹೇಗೆ ಬಂತು ಅನ್ನುವುದು ಮುಖ್ಯ. ಮಗುವಿನ ಗಣಿತದ ನೋಟ್ಸ್ ತೆಗೆದು ನೋಡಿ. ಲೆಕ್ಕ ತಪ್ಪಿದ ಕಡೆ ತಾನೇ ಇನ್ನೊಂದು ಸಲ ಬೇರೆ ದಾರಿಯಲ್ಲಿ ಮಾಡಿ ನೋಡಿದೆಯಾ, ಅಥವಾ ಗೈಡಿನಲ್ಲಿದ್ದ ಹಂತಗಳನ್ನು ಬಾಯಿಪಾಠ ಮಾಡಿ ಬರೆದಿದೆಯಾ? ಎರಡನೆಯದಾದರೆ ಹತ್ತನೇ ಕ್ಲಾಸಿನಲ್ಲಿ ಸಾಗುತ್ತದೆ, ಪಿಯು ಭೌತಶಾಸ್ತ್ರದಲ್ಲಿ ಸಾಗುವುದಿಲ್ಲ. ತೊಂಬತ್ತು ಬಂದವರೆಲ್ಲ ಸೈನ್ಸ್, ಎಪ್ಪತ್ತು ಬಂದವರು ಕಾಮರ್ಸ್, ಉಳಿದವರು ಆರ್ಟ್ಸ್ ಅನ್ನುವ ಲೆಕ್ಕ ನಮ್ಮ ಕಡೆ ಎಷ್ಟೋ ಮಕ್ಕಳ ಎರಡು ವರ್ಷ ತಿಂದಿದೆ. ಇದನ್ನು ನೋಡಿ ನೋಡಿ ಬೇಜಾರಾಗಿಯೇ ಬರೆಯುತ್ತಿದ್ದೇನೆ.

ನಂಗೆ ಏನಿಷ್ಟ ಅಂತಲೇ ಗೊತ್ತಾಗ್ತಿಲ್ಲ ಸಾರ್. ಏನ್ ಮಾಡ್ಲಿ?

ಹದಿನಾರು ವರ್ಷಕ್ಕೆ ಗೊತ್ತಾಗದಿದ್ದರೆ ಅದರಲ್ಲಿ ತಪ್ಪೇನಿಲ್ಲ. ಮುಂದೆ ಏನಾಗಬೇಕು ಅನ್ನುವ ಪ್ರಶ್ನೆ ಸ್ವಲ್ಪ ಪಕ್ಕಕ್ಕಿಡು. ಯಾವ ವಿಷಯ ಬಿಟ್ಟರೆ ಏನು ಕೈತಪ್ಪುತ್ತದೆ ಅನ್ನುವುದನ್ನು ಮೊದಲು ನೋಡು. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯ, ಪಶುವೈದ್ಯಕೀಯ, ಬಿಎಸ್ಸಿ ನರ್ಸಿಂಗ್ ಕಷ್ಟ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಒಂದು ಇಲ್ಲದಿದ್ದರೂ ಸೇನಾ ಅಧಿಕಾರಿಗಳ ತರಬೇತಿ ಸಂಸ್ಥೆಯಾದ ಎನ್‌ಡಿಎ ಮೂಲಕ ವಾಯುಪಡೆ, ನೌಕಾಪಡೆ ಸೇರಲು ಆಗುವುದಿಲ್ಲ. ಭೂಸೇನೆಗೆ ಯಾವ ವಿಭಾಗವಾದರೂ ನಡೆಯುತ್ತದೆ. ಕಾನೂನು, ಬಿಕಾಂ, ಬಿಎ, ಪತ್ರಿಕೋದ್ಯಮ, ಯುಪಿಎಸ್‌ಸಿ, ಕೆಪಿಎಸ್‌ಸಿಗೆ ಯಾವ ಕಾಂಬಿನೇಷನ್ ಓದಿದವರೂ ಹೋಗಬಹುದು.

ಆಮೇಲೆ ಒಂದು ಕೆಲಸ ಮಾಡು. ಪಕ್ಕದ ಮನೆಯ ಅಕ್ಕನ ಹತ್ತಿರವೋ ಗ್ರಂಥಾಲಯದಲ್ಲೋ ಮೊದಲ ಪಿಯುಸಿಯ ಮೂರು ಪುಸ್ತಕ ತಗೋ: ಭೌತಶಾಸ್ತ್ರ, ಲೆಕ್ಕಶಾಸ್ತ್ರ, ಸಮಾಜಶಾಸ್ತ್ರ. ಒಂದೊಂದರಲ್ಲಿ ಒಂದು ಅಧ್ಯಾಯ ಓದು. ಕಷ್ಟವಾದರೂ ಯಾವುದನ್ನು ಮುಂದಕ್ಕೆ ಓದಬೇಕು ಅನ್ನಿಸಿತೋ ಬರೆದಿಡು. ಎರಡು ವರ್ಷ ದಿನಾ ಜೊತೆಗಿರಬೇಕಾದದ್ದು ಆ ಪುಸ್ತಕ, ಡಾಕ್ಟರ್ ಅನ್ನುವ ಬೋರ್ಡ್ ಅಲ್ಲ.

ಕನ್ನಡ ಬಿಟ್ಟು ಸಂಸ್ಕೃತ ತಗೊಂಡ್ರೆ ಮಾರ್ಕ್ಸ್ ಜಾಸ್ತಿ ಬರುತ್ತಂತೆ, ಹೌದಾ?

ಬರಬಹುದು. ಆದರೆ ಆ ಅಂಕ ಎಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ. ಎಂಜಿನಿಯರಿಂಗ್ ಸಿಇಟಿ ರ್‍ಯಾಂಕಿಗೆ ಭಾಷೆಯ ಅಂಕ ಎಣಿಸುವುದೇ ಇಲ್ಲ. ನೀಟ್‌ಗೂ ಇಲ್ಲ. ಪಿಯು ಒಟ್ಟು ಅಂಕದ ಮೇಲೆ ಸೀಟು ಕೊಡುವ ಡಿಗ್ರಿ ಕಾಲೇಜುಗಳಲ್ಲಿ ಮಾತ್ರ ಸ್ವಲ್ಪ ಅನುಕೂಲ. ಸಂಸ್ಕೃತ ಇಷ್ಟಪಟ್ಟು ಓದುವವರು ಖಂಡಿತ ತೆಗೆದುಕೊಳ್ಳಲಿ. ಬರೀ ಅಂಕಕ್ಕಾಗಿ ಕನ್ನಡ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಮುಂದೆ ಕೆಎಎಸ್ ಬರೆಯುವ ಆಸೆ ಇರುವವರಿಗೆ ಕನ್ನಡದಲ್ಲಿ ನಾಲ್ಕು ಪುಟ ಸಲೀಸಾಗಿ ಬರೆಯುವ ಅಭ್ಯಾಸ ಬೇಕೇ ಬೇಕು.

ಪಿಯುನೇ ಯಾಕೆ? ಡಿಪ್ಲೊಮಾ ಮಾಡಿಸಿದ್ರೆ ಆಗಲ್ವಾ?

ಆಗುತ್ತದೆ. ಕೈಕೆಲಸ, ಯಂತ್ರ, ವೈರಿಂಗ್ ಅಂದರೆ ಕಣ್ಣರಳಿಸುವ ಮಕ್ಕಳಿಗೆ ಮೂರು ವರ್ಷದ ಪಾಲಿಟೆಕ್ನಿಕ್ ಒಳ್ಳೆಯ ದಾರಿ. ಮುಗಿಸಿ ಕೆಲಸಕ್ಕೆ ಹೋಗಬಹುದು, ಇಲ್ಲವೇ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಪಿಯು ದಾರಿಗೆ ಹೋಲಿಸಿದರೆ ಎಂಜಿನಿಯರಿಂಗ್ ಪದವಿಗೆ ಹಿಡಿಯುವ ವರ್ಷಗಳು ಅಷ್ಟೇ. ಆದರೆ ಮನಸ್ಸು ಬದಲಾಗಿ ವೈದ್ಯಕೀಯ ಬೇಕು ಅಂದರೆ ಡಿಪ್ಲೊಮಾದಿಂದ ಆಗುವುದಿಲ್ಲ.

## ವಿಜ್ಞಾನ ಅಂತ ತೀರ್ಮಾನ ಮಾಡಿದವರಿಗೆ

ಕಂಪ್ಯೂಟರ್ ಎಂಜಿನಿಯರ್ ಆಗ್ಬೇಕು. ಪಿಸಿಎಂಸಿ ತಗೊಳ್ಲೇಬೇಕಾ?

ಬೇಕಾಗಿಲ್ಲ. ಎಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಗುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದ ಮೇಲೆ. ಪಿಸಿಎಂಬಿ ಓದಿದವರಿಗೂ ಪಿಸಿಎಂಸಿ ಓದಿದವರಿಗೂ ಅಲ್ಲಿ ಸಮಾನ ಹಕ್ಕು. ಹಾಗಾದರೆ ಎಲ್ಲರೂ ಪಿಸಿಎಂಬಿ ತಗೊಂಡು ಎರಡೂ ಕಡೆ ಕಾಲಿಡಬಹುದಲ್ವಾ ಅಂತ ಕೇಳುತ್ತಾರೆ. ಇನ್ನೂ ತೀರ್ಮಾನವಾಗದ ಮಗುವಿಗೆ ಅದು ಸರಿ. ಆದರೆ ಜೀವಶಾಸ್ತ್ರ ಕಂಡರೆ ಆಗದ ಮಗುವಿಗೆ ಆ ದಪ್ಪ ಪುಸ್ತಕ, ಚಿತ್ರ, ಹೆಸರುಗಳು, ಪ್ರಾಯೋಗಿಕ ದಾಖಲೆ ಪುಸ್ತಕ ಎಲ್ಲ ಸೇರಿ ಗಣಿತಕ್ಕೆ ಸಿಗಬೇಕಾದ ಸಮಯವನ್ನು ನುಂಗುತ್ತವೆ. ಅಂಥವರಿಗೆ ಪಿಸಿಎಂಸಿ ಹಗುರ, ಪ್ರೋಗ್ರಾಮಿಂಗ್ ಪರಿಚಯವೂ ಆಗುತ್ತದೆ.

ಗಣಿತ ಅಂದ್ರೆ ಭಯ, ಆದ್ರೆ ಡಾಕ್ಟರ್ ಆಗೋ ಆಸೆ. ಗಣಿತ ಇಲ್ದೆ ಸೈನ್ಸ್ ಇದೆಯಾ?

ನೀಟ್‌ನಲ್ಲಿ ಗಣಿತದ ಪತ್ರಿಕೆ ಇಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮಾತ್ರ. ಆದರೆ ನಮ್ಮ ಕಡೆಯ ಹೆಚ್ಚಿನ ಕಾಲೇಜುಗಳಲ್ಲಿ ಜೀವಶಾಸ್ತ್ರದ ಜೊತೆ ಗಣಿತ ಬಂದೇ ಬರುತ್ತದೆ. ಅಲ್ಲದೆ ಭೌತಶಾಸ್ತ್ರದ ಲೆಕ್ಕಗಳಿಗೆ ಬೀಜಗಣಿತ, ತ್ರಿಕೋನಮಿತಿ, ಗ್ರಾಫ್ ಎಲ್ಲ ಬೇಕು. ಗಣಿತದಿಂದ ತಪ್ಪಿಸಿಕೊಂಡು ನೀಟ್ ಗೆಲ್ಲುವುದು ಕಷ್ಟ. ರಜೆಯಲ್ಲಿ ಎಂಟು, ಒಂಬತ್ತನೇ ಕ್ಲಾಸಿನ ಬೀಜಗಣಿತವನ್ನು ಮತ್ತೆ ಮೊದಲಿಂದ ಮಾಡಿ. ಎಷ್ಟೋ ಸಲ ಭಯದ ಬೇರು ಅಲ್ಲೇ ಇರುತ್ತದೆ.

ನಮ್ಗೆ ಎರಡೆಕರೆ ಕಬ್ಬಿನ ಗದ್ದೆ ಇದೆ. ಮಗಳಿಗೆ ಬಿಎಸ್ಸಿ ಅಗ್ರಿ ಓದೋ ಆಸೆ. ಏನ್ ತಗೋಬೇಕು?

ಪಿಸಿಎಂಬಿ ತೆಗೆದುಕೊಳ್ಳಲಿ. ಕೃಷಿ, ತೋಟಗಾರಿಕೆ, ಅರಣ್ಯ ಪದವಿಗಳಿಗೆ ಸಿಇಟಿ ಬರೆಯಬೇಕು, ಜೀವಶಾಸ್ತ್ರದ ಪತ್ರಿಕೆ ತಪ್ಪಿಸುವ ಹಾಗಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲೇ ಕೃಷಿ ಕಾಲೇಜು ಇದೆ, ಕಬ್ಬು, ಭತ್ತದ ಸಂಶೋಧನೆಯೂ ಅಲ್ಲೇ ನಡೆಯುತ್ತದೆ. ಒಂದು ಸಲ ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ.

ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಕೃಷಿಕರ ಪ್ರಮಾಣಪತ್ರದ ಜೊತೆ ಒಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸುವಂಥದ್ದು. ಗದ್ದೆಯಲ್ಲಿ ನಿಜವಾಗಿ ಕೈಯಾಡಿಸಿದ ಮಗುವಿಗೆ ಇದು ಕಷ್ಟವಲ್ಲ. ಓದು ಓದು ಅಂತ ಮನೆಯೊಳಗೇ ಕೂರಿಸಿದ ಮಗುವಿಗೆ ಕಷ್ಟ. ಭಾನುವಾರ ಅಪ್ಪನ ಜೊತೆ ಗದ್ದೆಗೆ ಕಳಿಸಿ. ಜೀವಶಾಸ್ತ್ರ ಬೇಡ ಆದರೆ ಕೃಷಿ ಬೇಕು ಅನ್ನುವವರಿಗೆ ಕೃಷಿ ಎಂಜಿನಿಯರಿಂಗ್ ಇದೆ, ಅದಕ್ಕೆ ಗಣಿತ ಬೇಕು.

ಹತ್ತರವರೆಗೂ ಕನ್ನಡ ಮೀಡಿಯಂ. ಸೈನ್ಸ್ ತಗೊಂಡ್ರೆ ಹಿಂದೆ ಬೀಳ್ತೀನಾ?

ಕಾಗದದಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬರೆಯುವ ಮಕ್ಕಳ ಭಯ ಅಕ್ಷರದಲ್ಲೇ ಕಾಣುತ್ತದೆ. ಮೊದಲ ಮೂರ್ನಾಲ್ಕು ತಿಂಗಳು ಕಷ್ಟವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಪಾಠ ಇಂಗ್ಲಿಷಿನಲ್ಲಿ ಓಡುತ್ತದೆ. 'ವೇಗೋತ್ಕರ್ಷ' ಚೆನ್ನಾಗಿ ಗೊತ್ತಿರುವ ಹುಡುಗಿ 'ಆಕ್ಸಲರೇಷನ್' ಕೇಳಿ ಸುಮ್ಮನೆ ಕೂತುಬಿಡುತ್ತಾಳೆ. ವಿಷಯ ಅವಳಿಗೆ ಗೊತ್ತು, ಹೆಸರು ಹೊಸದು ಅಷ್ಟೇ.

ಇದಕ್ಕೆ ರಜೆಯಲ್ಲೇ ತಯಾರಿ ಮಾಡಬೇಕು. ಹತ್ತನೇ ಕ್ಲಾಸಿನ ವಿಜ್ಞಾನ, ಗಣಿತ ಪುಸ್ತಕದ ಇಂಗ್ಲಿಷ್ ಆವೃತ್ತಿ ತೆಗೆದುಕೊಂಡು ಕನ್ನಡ ಪುಸ್ತಕದ ಪಕ್ಕ ಇಟ್ಟು ಓದಿ. ಪಾಠ ಅದೇ, ಚಿತ್ರ ಅದೇ, ಬದಲಾಗಿರುವುದು ಮಾತು ಮಾತ್ರ. ಒಂದು ನೋಟ್ ಪುಸ್ತಕದಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಯುತ್ತಾ ಹೋಗಿ. ಬಾಯಿ ಬಿಟ್ಟು ಹೇಳಿ ಅಭ್ಯಾಸ ಮಾಡಿ, ಯಾಕೆಂದರೆ ಕ್ಲಾಸಿನಲ್ಲಿ ಆ ಪದ ಮೊದಲು ಬೀಳುವುದು ಕಿವಿಗೆ. ಕಾಲೇಜು ಶುರುವಾದ ಮೇಲೆ ಅರ್ಥವಾಗದ್ದನ್ನು ಕನ್ನಡದಲ್ಲೇ ಕೇಳಿ. ಕೇಳಿದರೆ ನಗುತ್ತಾರೆ ಅಂತ ಹೆದರಬೇಡಿ. ಕೇಳದವರಲ್ಲೂ ಅರ್ಧಕ್ಕರ್ಧ ಜನಕ್ಕೆ ಅದು ಅರ್ಥವಾಗಿರುವುದಿಲ್ಲ.

ಸಿಇಟಿ ಪ್ರಶ್ನೆಪತ್ರಿಕೆಯಲ್ಲಿ ಕನ್ನಡವೂ ಇರುತ್ತದೆ. ನೀಟ್ ಇಂಗ್ಲಿಷ್ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ, ಅದರಲ್ಲಿ ಕನ್ನಡವೂ ಒಂದು. ಜೆಇಇ ಮೇನ್‌ನಲ್ಲೂ ಈಗ ಕನ್ನಡ ಆರಿಸಬಹುದು. ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇಕಡಾ 5 ಮೀಸಲೂ ಇದೆ. ಕನ್ನಡ ಮಾಧ್ಯಮ ಅನ್ನುವ ಒಂದೇ ಕಾರಣಕ್ಕೆ ಯಾರೂ ವಿಜ್ಞಾನ ಬಿಡಬೇಡಿ.

## ವಾಣಿಜ್ಯ ಮತ್ತು ಕಲೆ

ಸಿಎ ಮಾಡ್ಬೇಕು. ಕಂಪ್ಯೂಟರ್ ತಗೊಳ್ಲಾ, ಸ್ಟಾಟಿಸ್ಟಿಕ್ಸ್ ತಗೊಳ್ಲಾ, ಬೇಸಿಕ್ ಮ್ಯಾಥ್ಸಾ?

ಸಿಎ ಫೌಂಡೇಷನ್‌ನಲ್ಲಿ ನಾಲ್ಕು ಪತ್ರಿಕೆ: ಲೆಕ್ಕಶಾಸ್ತ್ರ, ವ್ಯಾವಹಾರಿಕ ಕಾನೂನು, ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್, ಅರ್ಥಶಾಸ್ತ್ರ. ಮೂರನೆಯದರಲ್ಲಿ ವ್ಯಾಪಾರ ಗಣಿತ, ತಾರ್ಕಿಕ ಪ್ರಶ್ನೆ, ಸಂಖ್ಯಾಶಾಸ್ತ್ರ ಇರುತ್ತದೆ. ತಪ್ಪು ಉತ್ತರಕ್ಕೆ ಅಂಕವೂ ಕಳೆಯುತ್ತಾರೆ. ಹೆಚ್ಚಿನವರು ಎಡವುವುದು ಅಲ್ಲೇ. ಹಾಗಾಗಿ ನನ್ನ ಒಲವು ಸ್ಟಾಟಿಸ್ಟಿಕ್ಸ್ ಅಥವಾ ಬೇಸಿಕ್ ಮ್ಯಾಥ್ಸ್ ಕಡೆಗೆ. ಕಂಪ್ಯೂಟರ್ ಅಂಕ ತರುವ ವಿಷಯ ಅಂತ ಎಲ್ಲರೂ ಸಿಇಬಿಎಗೆ ನುಗ್ಗುತ್ತಾರೆ, ಆದರೆ ಸಿಎಗೆ ಅದರಿಂದ ನೇರ ಲಾಭ ಕಡಿಮೆ.

ಒಂದು ಎಚ್ಚರ. ಬೇಸಿಕ್ ಮ್ಯಾಥ್ಸ್ ಬೇರೆ, ವಿಜ್ಞಾನದವರು ಓದುವ ಗಣಿತ ಬೇರೆ. ಬೇಸಿಕ್ ಮ್ಯಾಥ್ಸ್ ಓದಿ ಎಂಜಿನಿಯರಿಂಗ್‌ಗೆ ಹೋಗಲು ಆಗುವುದಿಲ್ಲ. ಬಿಸಿಎ ಯೋಚನೆ ಇದ್ದರೆ ನಿಮಗೆ ಬೇಕಾದ ಕಾಲೇಜು ಯಾವ ವಿಷಯ ಕೇಳುತ್ತದೆ ಅಂತ ಈಗಲೇ ವಿಚಾರಿಸಿ. ಇನ್ನು ಸಿಎಗೆ ಕಾಮರ್ಸೇ ಓದಿರಬೇಕು ಅಂತಿಲ್ಲ, ಯಾವ ವಿಭಾಗದವರೂ ಬರೆಯಬಹುದು.

ಆರ್ಟ್ಸ್ ತಗೊಂಡ್ರೆ ನೆಂಟರೆಲ್ಲ ಏನ್ ಕಮ್ಮಿ ಬಂತಾ ಅಂತ ಕೇಳ್ತಾರೆ. ಕೆಲ್ಸ ಸಿಗುತ್ತಾ?

ನೆಂಟರು ಕೇಳುತ್ತಾರೆ, ಎರಡು ದಿನ ಬಿಟ್ಟು ಮರೆಯುತ್ತಾರೆ. ಓದುವುದು ನೀನು.

ಆರ್ಟ್ಸ್‌ನ ಕಷ್ಟ ಬೇರೆ. ಅದರಲ್ಲಿ ದಾರಿ ತಾನಾಗಿ ಕಾಣುವುದಿಲ್ಲ, ಹುಡುಕಿಕೊಳ್ಳಬೇಕು. ಪಿಸಿಎಂಬಿಗೆ ಸೇರಿದ ಕೂಡಲೇ ಸಿಇಟಿ, ನೀಟ್ ಅಂತ ಎಲ್ಲರೂ ದಾರಿ ತೋರಿಸುತ್ತಾರೆ. ಎಚ್‌ಇಪಿಎಸ್ ಹುಡುಗನಿಗೆ ಯಾರೂ ತೋರಿಸುವುದಿಲ್ಲ. ಅದಕ್ಕೇ ಬಿಡಿಸಿ ಹೇಳುತ್ತೇನೆ. ಪಿಯು ಆದ ಮೇಲೆ ಐದು ವರ್ಷದ ಕಾನೂನು ಪದವಿ ಇದೆ, ಮೈಸೂರಿನಲ್ಲೇ ಹಲವು ಕಾನೂನು ಕಾಲೇಜುಗಳಿವೆ. ಇಂಗ್ಲಿಷ್ ಗಟ್ಟಿಯಿದ್ದರೆ ಕ್ಲ್ಯಾಟ್ ಬರೆದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೂ ಪ್ರಯತ್ನಿಸಬಹುದು. ಚಿತ್ರ, ಶಿಲ್ಪ ಒಲಿದವರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಕಾವಾ, ಇದೆ. ಮನಃಶಾಸ್ತ್ರ ಓದಿ ಮುಂದೆ ಆಪ್ತಸಮಾಲೋಚಕರಾಗುವವರು ಪಿಯುನಲ್ಲೇ ಆ ವಿಷಯ ಇರುವ ಗುಂಪು ಹುಡುಕಬಹುದು. ಐಚ್ಛಿಕ ಕನ್ನಡ ತೆಗೆದುಕೊಂಡು ಮಹಾರಾಜ ಕಾಲೇಜಿನಲ್ಲಿ ಬಿಎ, ಆಮೇಲೆ ಮಾನಸಗಂಗೋತ್ರಿಯಲ್ಲಿ ಎಂಎ ಮಾಡಿದವರು ನಮ್ಮ ಸುತ್ತ ಉಪನ್ಯಾಸಕರಾಗಿದ್ದಾರೆ, ಪತ್ರಕರ್ತರಾಗಿದ್ದಾರೆ.

ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರಿಗೆ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಭೂಗೋಳ ಎರಡು ಸಲ ಉಪಯೋಗಕ್ಕೆ ಬರುತ್ತವೆ. ಪಿಯು ಪರೀಕ್ಷೆಗೊಮ್ಮೆ, ಆ ಪರೀಕ್ಷೆಗೊಮ್ಮೆ. ಆದರೆ ಆರ್ಟ್ಸ್ ಅಂದರೆ ಕಾಲೇಜಿಗೆ ಹೋಗದಿದ್ದರೂ ನಡೆಯುತ್ತದೆ ಅಂತ ತಿಳಿದು ಸೇರಿದರೆ ಮೂರು ಕಾಸಿನ ಪ್ರಯೋಜನವಿಲ್ಲ.

ಮೇಷ್ಟ್ರಾಗ್ಬೇಕು ಅಂತ ಆಸೆ. ಈಗಿಂದಲೇ ಏನಾದ್ರೂ ಮಾಡ್ಬೇಕಾ?

ಇಂಥ ಪ್ರಶ್ನೆ ಬಂದರೆ ಖುಷಿಯಾಗುತ್ತದೆ. ಪಿಯು ಆದ ಮೇಲೆ ಎರಡು ವರ್ಷದ ಡಿ.ಎಲ್.ಎಡ್ ಮಾಡಿ ಪ್ರಾಥಮಿಕ ಶಾಲೆಗೆ ಹೋಗಬಹುದು. ಇಲ್ಲವೇ ಡಿಗ್ರಿ ಮುಗಿಸಿ ಬಿ.ಎಡ್. ಮೂರನೆಯ ದಾರಿ ನಮ್ಮ ಕಾಲಬುಡದಲ್ಲೇ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಡಿಗ್ರಿ ಮತ್ತು ಬಿ.ಎಡ್ ಸೇರಿದ ನಾಲ್ಕು ವರ್ಷದ ಕೋರ್ಸ್ ಇದೆ. ವಿಜ್ಞಾನದವರಿಗೂ ಕಲೆಯವರಿಗೂ ಇದೆ. ಪ್ರವೇಶ ಪರೀಕ್ಷೆ ಬರೆಯಬೇಕು, ಅದರ ಅರ್ಜಿಯ ದಿನಾಂಕ ದ್ವಿತೀಯ ಪಿಯು ಮುಗಿಯುವ ಮುಂಚೆಯೇ ದಾಟಿಹೋಗಬಹುದು. ಗಮನ ಇರಲಿ.

## ಸ್ವಲ್ಪ ಆಳದ ಪ್ರಶ್ನೆಗಳು

ಸಿಇಟಿ ಚೆನ್ನಾಗ್ ಬರೆದ್ರೆ ಸಾಕಲ್ವಾ? ಪಿಯು ಮಾರ್ಕ್ಸ್ ಯಾಕೆ?

ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಬ್ಬಳಿಗೆ ಪಿಯುನಲ್ಲಿ ಮೂರೂ ಸೇರಿ 300ಕ್ಕೆ 288, ಸಿಇಟಿಯಲ್ಲಿ 180ಕ್ಕೆ 81 ಅಂತಿಟ್ಟುಕೊಳ್ಳಿ. ಶೇಕಡಾ 96 ಮತ್ತು 45, ಸರಾಸರಿ 70.5. ಇನ್ನೊಬ್ಬನಿಗೆ ಪಿಯು 252, ಸಿಇಟಿ 108. ಶೇಕಡಾ 84 ಮತ್ತು 60, ಸರಾಸರಿ 72. ಇವನು ಮುಂದೆ. ಎರಡರಲ್ಲಿ ಒಂದನ್ನೇ ನೆಚ್ಚಿಕೊಂಡರೆ ನಡೆಯುವುದಿಲ್ಲ ಅನ್ನುವುದು ಈ ಲೆಕ್ಕದಲ್ಲೇ ಇದೆ. ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲಿ 30 ಅಂಕ ಪ್ರಾಯೋಗಿಕಕ್ಕೆ ಇರುವುದರಿಂದ ಲ್ಯಾಬ್ ತಪ್ಪಿಸಿದವರಿಗೆ ರ್‍ಯಾಂಕಿನಲ್ಲೂ ಪೆಟ್ಟು ಬೀಳುತ್ತದೆ. ವೈದ್ಯಕೀಯದ ಕಥೆ ಬೇರೆ. ಅಲ್ಲಿ ಪಿಯುನಲ್ಲಿ ಕನಿಷ್ಠ ಅಂಕ ಇದ್ದರೆ ಸಾಕು, ರ್‍ಯಾಂಕ್ ಪೂರ್ತಿ ನೀಟ್‌ನದ್ದೇ.

ಇಂಟಿಗ್ರೇಟೆಡ್ ಕಾಲೇಜಿಗೆ ಲಕ್ಷಗಟ್ಲೆ ಕೇಳ್ತಾರೆ. ಸಾಲ ಮಾಡಿ ಸೇರಿಸ್ಲಾ?

ಪಿಯು ಪಾಠದ ಜೊತೆಗೇ ಸಿಇಟಿ, ನೀಟ್ ಕೋಚಿಂಗ್ ಕೊಡುವ ಇಂಥ ಕಾಲೇಜಿಗೆ ಸಾಲ ಮಾಡುವ ಮುಂಚೆ ಮೂರು ವಿಷಯ ಕೇಳಿ. ಬೋರ್ಡಿನ ಮೇಲಿನ ಫೋಟೋದ ಮಕ್ಕಳು ಅಲ್ಲಿ ಎರಡು ವರ್ಷವೂ ಓದಿದವರಾ? ಫೋಟೋ ಇಲ್ಲದ ಉಳಿದ ಮಕ್ಕಳ ಸರಾಸರಿ ಎಷ್ಟು? ನಡುವೆ ಬಿಟ್ಟರೆ ಹಣ ವಾಪಸ್ ಬರುತ್ತಾ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಇನ್ನು ಹೆಸರಿಗೆ ಒಂದು ಕಾಲೇಜು, ಓದುವುದು ಇನ್ನೆಲ್ಲೋ ಅನ್ನುವ ಏರ್ಪಾಡಿಗೆ ಒಪ್ಪಬೇಡಿ. ಪಿಯು ಪರೀಕ್ಷೆಗೆ ಶೇಕಡಾ 75 ಹಾಜರಾತಿ ಬೇಕು.

ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ, ಹಳೆಯ ಸಿಇಟಿ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವ ಮಕ್ಕಳಿಗೂ ಸೀಟು ಸಿಗುತ್ತದೆ. ಊಟ, ವಸತಿಗೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿವೆ. ದಿನಾ ಓಡಾಡುವ ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನ ಖರ್ಚಿಲ್ಲ. ಆದರೆ ಮದ್ದೂರು ಕಡೆಯಿಂದ ಮೈಸೂರಿಗೆ ಹೋಗಿಬರುವ ಹೊತ್ತನ್ನೂ ಲೆಕ್ಕ ಹಾಕಿ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವ ಮಗುವಿಗೆ ಪಕ್ಕದ ಊರಿನ ಕಾಲೇಜೇ ವಾಸಿ.

ಹಳ್ಳಿ ಸ್ಕೂಲಲ್ಲಿ ಓದಿದ್ದು. ಪಿಯು ಮೈಸೂರಲ್ಲಿ ಮಾಡಿದ್ರೆ ಗ್ರಾಮೀಣ ಕೋಟಾ ಹೋಗುತ್ತಾ?

ಹೋಗುವುದಿಲ್ಲ. ಶೇಕಡಾ 15ರ ಗ್ರಾಮೀಣ ಮೀಸಲಿಗೆ ನೋಡುವುದು ಒಂದರಿಂದ ಹತ್ತನೇ ತರಗತಿ ಮಾತ್ರ. ಆ ಹತ್ತೂ ವರ್ಷ ಗ್ರಾಮೀಣ ಶಾಲೆಯಲ್ಲೇ ಆಗಿರಬೇಕು. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಬಿಇಒ ಮೇಲುಸಹಿ ಬೇಕು. ಸಿಇಟಿ ಹೊತ್ತಿಗೆ ಕಚೇರಿ ಮುಂದೆ ಸಾಲು ನಿಲ್ಲುವ ಬದಲು ಮೊದಲ ಪಿಯುನಲ್ಲೇ ಮಾಡಿಸಿಡಿ.

ಡಾಕ್ಟರೂ ಬೇಡ, ಎಂಜಿನಿಯರೂ ಬೇಡ. ಸೈನ್ಸ್ ಓದಿ ಬೇರೆ ಏನಿದೆ?

ಮೈಸೂರಿನಲ್ಲೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಶುರು ಮಾಡಿ. ಮಾತು, ಕಿವಿಯ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವ ಪದವಿ ಅಲ್ಲಿದೆ. ಯುವರಾಜ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ ಆಮೇಲೆ ಸಂಶೋಧನೆಗೆ ಹೋಗಬಹುದು. ಆಹಾರ ವಿಜ್ಞಾನದ ಆಸಕ್ತಿ ಇದ್ದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎಂಎಸ್ಸಿ ಇದೆ. ಕಟ್ಟಡ ವಿನ್ಯಾಸಕ್ಕೆ ಗಣಿತದ ಜೊತೆ ನಾಟಾ ಪರೀಕ್ಷೆ.

ಕಾಲೇಜು ಶುರುವಾಗಿ ತಿಂಗಳಾಯ್ತು, ಆಗ್ತಿಲ್ಲ. ಈಗ ಬದಲಾಯಿಸ್ಬಹುದಾ?

ಪ್ರವೇಶದ ಅವಧಿ ಮುಗಿಯುವ ಮುಂಚೆ ಆದರೆ ಸುಲಭ. ಅದೇ ಕಾಲೇಜಿನಲ್ಲಿ ಬೇಕಾದ ಗುಂಪಿನಲ್ಲಿ ಸೀಟು ಇರಬೇಕು, ಪ್ರಾಂಶುಪಾಲರು ಒಪ್ಪಬೇಕು. ಮೊದಲ ಪಿಯು ಪೂರ್ತಿ ಮುಗಿಸಿ ಆಮೇಲೆ ವಿಭಾಗ ಬದಲಾಯಿಸಬೇಕು ಅಂದರೆ ಮತ್ತೆ ಮೊದಲ ಪಿಯುನಿಂದಲೇ ಶುರು ಮಾಡಬೇಕಾಗುತ್ತದೆ.

ಆದರೆ ಒಂದು ತಿಂಗಳ ಕಷ್ಟಕ್ಕೆ ಕಾರಣ ವಿಷಯವೇನಾ ಅಂತ ಮೊದಲು ನೋಡಿ. ಹಾಸ್ಟೆಲ್ ಒಗ್ಗದಿರಬಹುದು, ಇಂಗ್ಲಿಷ್ ಇರಬಹುದು, ಒಬ್ಬ ಉಪನ್ಯಾಸಕರ ಪಾಠ ಹಿಡಿಸದಿರಬಹುದು. ಇವಕ್ಕೆಲ್ಲ ಬೇರೆ ಪರಿಹಾರ ಇದೆ. ಸುಮ್ನೆ ಪುಸ್ತಕ ತೆರೆದರೂ ಬೇಡ ಅನ್ನಿಸುತ್ತಿದ್ದರೆ, ಪರೀಕ್ಷೆ ಇಲ್ಲದ ದಿನವೂ ಹೊಟ್ಟೆ ಕಿವುಚುತ್ತಿದ್ದರೆ, ತಡ ಮಾಡಬೇಡಿ. ಅಪ್ಪ ಅಮ್ಮನ ಜೊತೆ ಪ್ರಾಂಶುಪಾಲರ ಕೊಠಡಿಗೆ ಹೋಗಿ ಬರವಣಿಗೆಯಲ್ಲಿ ಕೇಳಿ. ಹೋಗುವ ಮುಂಚೆ ಹೊಸ ಗುಂಪಿನ ನಾಲ್ಕೂ ವಿಷಯದ ಒಂದೊಂದು ತರಗತಿಯಲ್ಲಿ ಕೂತು ಬರಲು ಅನುಮತಿ ಸಿಗುತ್ತಾ ಅಂತ ಕೇಳಿ ನೋಡಿ, ಹೆಚ್ಚಿನ ಉಪನ್ಯಾಸಕರು ಬೇಡ ಅನ್ನುವುದಿಲ್ಲ.